ಹಡಗಿನ ಮೇಲುಖರ್ಚು

ಮನೆ, ಅಡುಗೆಮನೆಯ ಮೇಜು
ಹನ್ನೊಂದನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಹಲೋ ಮೇಡಂ,

ಹೀಗೆ ಕರೆದು ಎಷ್ಟು ವರ್ಷ ಆಯಿತೋ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಲ್ಲರೂ ನಿನ್ನನ್ನು ಹಾಗೇ ಕರೆಯುತ್ತಿದ್ದರು. ನಾನು ಮಾತ್ರ ಮದುವೆಯಾದ ಮೇಲೆ "ಇವಳೇ" ಅನ್ನುವುದಕ್ಕೆ ಇಳಿದೆ. ತಲೆಸುತ್ತು ಕಡಿಮೆಯಾಗಿದೆಯಾ? ಹಾಸಿಗೆಯಿಂದ ಏಳುವಾಗ ಒಂದು ಗಳಿಗೆ ಕೂತು, ಆಮೇಲೆ ಗೋಡೆ ಹಿಡಿದು ಏಳು. ರಾತ್ರಿಯ ಮಾತ್ರೆ ತಪ್ಪಿಸಬೇಡ. ಕಹಿ ಅಂತ ನಾಲಿಗೆ ಅಡಿಯಲ್ಲಿಟ್ಟುಕೊಂಡು ಆಮೇಲೆ ಉಗುಳುವ ನಿನ್ನ ವಿದ್ಯೆಯನ್ನು ಮಗಳಿಗೆ ಆಗಲೇ ಹೇಳಿಟ್ಟಿದ್ದೇನೆ. ಮೊನ್ನೆ ಫೋನ್ ಮಾಡಿದಾಗ ನೀನು ಮೂರು ಸಲ "ಆಂ? ಆಂ?" ಅಂದು, ಕೊನೆಗೆ "ಏನೋ ಹೇಳ್ತಿದ್ದಾರೆ, ನೀನೇ ಕೇಳು" ಅಂತ ಅವಳ ಕೈಗೆ ಕೊಟ್ಟೆಯಲ್ಲ, ಅದಕ್ಕೇ ಈ ಕಾಗದ. ಕಾಗದಕ್ಕೆ ಯಾವ ಕಿವಿಯೂ ಬೇಡ.

ಇಲ್ಲಿ ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಬರೆದಿದ್ದೇನೆ. ಎರಡು ಸಲ ಹಾಲು ಉಕ್ಕಿಸಿದೆ. ನಿನ್ನ ಬಿಳಿ ಸ್ವೆಟರನ್ನು ನನ್ನ ಕೆಂಪು ಟವೆಲ್ ಜೊತೆ ನೆನೆಸಿ ಅದಕ್ಕೊಂದು ಹೊಸ ಬಣ್ಣ ಬಂದಿದೆ, ಬಂದ ಮೇಲೆ ನೋಡುವೆಯಂತೆ, ಈಗಲೇ ಕೋಪ ಮಾಡಿಕೊಳ್ಳಬೇಡ. ಪಕ್ಕದ ಮನೆಯ ದರ್ಜಿ ದಿನಾ "ಹಡಗು ಹೇಗಿತ್ತು?" ಅಂತ ಕೇಳುತ್ತಾನೆ. ಹಡಗಿನಿಂದ ಬಂದ ದಿನವೇ ಅವನ ಮುಂದೆ ನಾನು, ಮೇಲುಖರ್ಚಿಗೆ ತೆಗೆದಿಟ್ಟ ಹಣದಲ್ಲಿ ಮುಕ್ಕಾಲು ಪಾಲು ಹಾಗೇ ವಾಪಸ್ ತಂದೆ ಅಂತ ಬೀಗಿದ್ದೆ. ಈಗ ಅವನು ಕಂಡರೆ ಬೇರೆ ರಸ್ತೆ ಹಿಡಿಯುತ್ತೇನೆ.

ಆ ಟಿಕೆಟ್ ನಿನ್ನ ನಿವೃತ್ತಿಯ ಹಣದಲ್ಲಿ ಬಂದದ್ದು. ಮೂವತ್ತೊಂದು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರವರ ಮಾತನ್ನೆಲ್ಲ ಜೋಡಿಸಿ ಕೊಟ್ಟವಳು, ಒಂಬತ್ತು ದಿನ ಸಮುದ್ರದ ಸದ್ದು ಬಿಟ್ಟು ಬೇರೇನೂ ಕೇಳಬಾರದು ಅಂತ ಆಸೆಪಟ್ಟೆ. "ಟಿಕೆಟ್ ನಂದು, ಮೇಲಿನದು ನಿಮ್ಮದು" ಅಂದೆ. ಅಷ್ಟು ಹೇಳಿದ್ದೇ ತಪ್ಪಾಯಿತು. ಬಸ್ ಡಿಪೋದ ಉಗ್ರಾಣದಲ್ಲಿ ನಟ್ಟು ಬೋಲ್ಟು ಎಣಿಸಿ ತಲೆ ನರೆತವನ ಕೈಗೆ ಲೆಕ್ಕ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಎಲ್ಲವೂ ಟಿಕೆಟ್ಟಿನಲ್ಲೇ ಸೇರಿದೆ ಅನ್ನುತ್ತಾರೆ, ಆದರೆ ಯಾವುದು ಸೇರಿಲ್ಲ ಅಂತ ತಿಳಿಯಲು ನಾಲ್ಕು ಸಲ ಏಜೆಂಟನ ಅಂಗಡಿಗೆ ಹೋದೆ. ಐದನೇ ಸಲ ಅವನು ನನ್ನನ್ನು ಕಂಡು ಒಳಗಿನ ಕೋಣೆಗೆ ಹೋದ. ಚಹಾ ಪುಕ್ಕಟೆ, ಮೆಷಿನ್ ಕಾಫಿಗೆ ದುಡ್ಡು. ಬಟ್ಟೆ ಒಗೆಯಲು, ಇಂಟರ್ನೆಟ್ಟಿಗೆ, ದಡದಲ್ಲಿ ಊರು ಸುತ್ತಲು, ಕೋಣೆಯ ಹುಡುಗಿಗೆ ದಿನದ ಭಕ್ಷೀಸು, ಎಲ್ಲಕ್ಕೂ ಬೇರೆ ಬೇರೆ. ಎಲ್ಲ ಬರೆದೆ. ಪ್ರವಾಸದ ವಿಮೆ ಅಂತ ಒಂದು ಸಾಲು ಇತ್ತು. "ಒಂಬತ್ತು ದಿನದಲ್ಲಿ ಏನಾಗುತ್ತೆ, ಬಿಡು" ಅಂತ ಅದನ್ನು ಹೊಡೆದು ಹಾಕಿದವನು ನಾನೇ.

ಮೊದಲೆರಡು ದಿನ ಎಷ್ಟು ನಗಿಸಿದೆ ನೀನು! ಊಟದ ಮೇಜಿನಲ್ಲಿ ಪರಿಚಯವಾದ ಆ ನಿವೃತ್ತ ಮಾಸ್ತರರ ಹೆಂಡತಿಗೆ, "ನಮ್ಮವರು ಎಂಜಲು ಕೈಯಲ್ಲಿ ಕಾಗೆ ಓಡಿಸೋರಲ್ಲ, ಕಾಗೆಗೆ ಒಂದಗುಳು ಸಿಕ್ಕಿಬಿಟ್ರೆ ಅಂತ" ಅಂದೆಯಲ್ಲ. ದೊಡ್ಡ ಮೆಟ್ಟಿಲ ಮೇಲೆ ಫೋಟೋದವನು ನಮ್ಮನ್ನು ನಿಲ್ಲಿಸಿ ಫೋಟೋ ತೆಗೆದ. ನೀನು ನೀಲಿ ಶಾಲು ಸರಿಮಾಡಿಕೊಂಡೆ. ಮಾರನೇ ದಿನ ಗೋಡೆಗೆ ತೂಗುಹಾಕಿದ್ದನ್ನು ಕೊಂಡುಕೊಳ್ಳೋಣ ಅಂತ ನೀನಂದರೆ, ನಾನು "ನಮ್ಮ ಮುಖ ನಮಗೆ ಗೊತ್ತಿಲ್ವಾ?" ಅಂತ ನಿನ್ನನ್ನು ಎಳೆದುಕೊಂಡು ಹೋದೆ. ನೀನು ತಿರುಗಿ ತಿರುಗಿ ನೋಡಿದ್ದು ನನಗೆ ಕಂಡಿತ್ತು.

ಮೂರನೇ ದಿನ ಬೆಳಿಗ್ಗೆ ಎದ್ದವಳು, "ಬಲಗಿವಿ ಮುಚ್ಚಿಕೊಂಡ ಹಾಗಿದೆ ರೀ, ಒಳಗೆ ಗುಂಯ್ ಅಂತಿದೆ, ಡಾಕ್ಟರಿಗೆ ತೋರಿಸೋಣ್ವಾ?" ಅಂದೆ. ನಾನು ಹಡಗಿನ ಡಾಕ್ಟರನ್ನು ವಿಚಾರಿಸಿ ಬರುತ್ತೇನೆ ಅಂತ ಹೋದವನು ಹೋಗಿದ್ದು ನಿಜ. ಕೆಳಗಿನ ಅಂತಸ್ತು, ಬಿಳಿ ಬಾಗಿಲು, ಪಕ್ಕದಲ್ಲಿ ದರಪಟ್ಟಿ. ಬರೀ ನೋಡುವುದಕ್ಕೇ ನನ್ನ ಅರ್ಧ ತಿಂಗಳ ಪಿಂಚಣಿ. ಒಳಗೆ ನರ್ಸ್ ಒಬ್ಬಳು ಬರಿದೇ ಕೂತಿದ್ದಳು, ನನ್ನನ್ನು ನೋಡಿ ನಕ್ಕಳು ಕೂಡ. ನಾನು ದಾರಿ ತಪ್ಪಿದವನ ಹಾಗೆ ತಲೆಯಾಡಿಸಿ ಮೆಟ್ಟಿಲು ಹತ್ತಿಬಿಟ್ಟೆ. ನಿನಗೆ, "ಗಾಳಿ ಹೊಕ್ಕಿರಬೇಕು, ನಾಡಿದ್ದು ಬಂದರಿನಲ್ಲಿ ಇಳಿದಾಗ ಊರ ಡಾಕ್ಟರಿಗೆ ತೋರಿಸೋಣ" ಅಂದೆ. ಕಿವಿಗೆ ಹತ್ತಿ ಇಟ್ಟುಕೊಂಡು "ಸರಿ ಬಿಡಿ" ಅಂದೆ ನೀನು.

ನಾಡಿದ್ದು ಬಂತು, ಗಾಳಿ ಜೋರಾಗಿ ಹಡಗು ಬಂದರಿಗೆ ಹೋಗಲೇ ಇಲ್ಲ. ಕಿಟಕಿಯಲ್ಲಿ ಆ ಊರಿನ ಮನೆಗಳು ಕಾಣುತ್ತಿದ್ದವು, ಹಾಗೇ ಹಿಂದೆ ಸರಿದವು. ಆಗ ನೀನು, "ಈಗಲಾದರೂ ಕೆಳಗೆ ಹೋಗೋಣ್ವಾ?" ಅಂತ ಕೇಳಿದೆ. ಜೀವಮಾನದಲ್ಲಿ ನನ್ನನ್ನು ಒಂದು ವಿಷಯ ಎರಡನೇ ಸಲ ಕೇಳಿದವಳಲ್ಲ ನೀನು. ಅದರಲ್ಲೇ ನನಗೆ ಅರ್ಥವಾಗಬೇಕಿತ್ತು. ನಾನು, "ಇನ್ನು ನಾಲ್ಕೇ ದಿನ ಕಣೇ, ಮನೆಗೇ ಹೋಗ್ತೀವಲ್ಲ" ಅಂದೆ. ಕೊನೆಯ ಸಂಜೆ ಸಂಗೀತದ ಹಾಲಿನಲ್ಲಿ ನೀನು ವೇದಿಕೆಯಿಂದ ಮುಖ ತಿರುಗಿಸಿ ಕೂತಿದ್ದೆ. ಫೋಟೋದ ಮುನಿಸು ಇನ್ನೂ ಇಳಿದಿಲ್ಲ ಅಂದುಕೊಂಡೆ. ಎಡಗಿವಿಯನ್ನು ಹಾಡಿಗೆ ಕೊಟ್ಟು ಕೂತಿದ್ದೆ ಅಂತ ಆಮೇಲೆ ತಿಳಿಯಿತು.

ಕಿವಿಯ ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಪೆನ್ನಿನ ಮುಚ್ಚಳ ಹಾಕುತ್ತ, "ಶುರುವಾದ ಮೊದಲೆರಡು ದಿನದಲ್ಲೇ ಮಾತ್ರೆ ಕೊಟ್ಟಿದ್ದರೆ ಉಳಿಯಬಹುದಿತ್ತು. ಖಂಡಿತ ಅಂತ ಹೇಳಲಾರೆ. ಈಗ ಬಲಗಡೆಯದು ಬರುವುದು ಕಷ್ಟ" ಅಂದರು. ನೀನು ಅವರ ಬಾಯನ್ನೇ ನೋಡುತ್ತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಒಲೆಯ ಮುಂದೆ ಕೂತಿದ್ದೇನೆ. ಆಸ್ಪತ್ರೆ ಮಗಳ ಮನೆಗೆ ಹತ್ತಿರ ಅಂತ ನಿನ್ನನ್ನು ಅಲ್ಲಿ ಬಿಟ್ಟೆ. ಮನೆ ನೋಡಿಕೊಳ್ಳಬೇಕು ಅಂತ ನಾನು ಬಂದದ್ದು ಬರೀ ನೆಪ. ನೀನು ಎಡಗಡೆಗೆ ಬನ್ನಿ ಎಂದು ಸನ್ನೆ ಮಾಡಿದಾಗಲೆಲ್ಲ ನನಗೆ ನಿಲ್ಲಲಾಗುತ್ತಿರಲಿಲ್ಲ.

ಮೊಮ್ಮಗಳಿಗೆ ಮುತ್ತು, ಅಳಿಯಂದಿರಿಗೆ ನೆನಪು ಹೇಳು. ಬಿಸಿಲು ಬಂದಾಗ ಸ್ವಲ್ಪ ಹೊತ್ತು ಅಂಗಳದಲ್ಲಿ ಕೂತುಕೋ. ನೀನು ನೂರು ವರ್ಷ ಬಾಳು ಅನ್ನುವುದಕ್ಕೆ ನನಗೆ ಬಾಯಿಲ್ಲ, ಆದರೂ ಅನ್ನುತ್ತೇನೆ.

ಇತಿ ನಿನ್ನವನೇ ಆದ,
ಉಗ್ರಾಣದ ಗುಮಾಸ್ತ

ತಾ.ಕ.: ಇಷ್ಟುದ್ದ ಬರೆದರೂ ಮುಖ್ಯವಾದದ್ದಕ್ಕೆ ಧೈರ್ಯ ಬರಲಿಲ್ಲ. ಅವತ್ತು ಆಸ್ಪತ್ರೆಯಲ್ಲಿ ಮಗಳು, "ಹಡಗಿನಲ್ಲೇ ಯಾಕೆ ತೋರಿಸಲಿಲ್ಲಮ್ಮಾ?" ಅಂತ ಕೇಳಿದಾಗ ನೀನು, "ನಾನೇ ಯಾರಿಗೂ ಹೇಳಲಿಲ್ಲ ಕಣೇ, ಅಪ್ಪನಿಗೆ ಗೊತ್ತೇ ಇರಲಿಲ್ಲ" ಅಂದೆ. ನಾನು ಗೋಡೆ ನೋಡುತ್ತ ನಿಂತೆ. ನಿನ್ನೆ ಫೋನಿನಲ್ಲಿ ಅವಳಿಗೆ ಎಲ್ಲ ಹೇಳಿಬಿಟ್ಟೆ, ನೀನು ಎರಡು ಸಲ ಕೇಳಿದ್ದನ್ನೂ. "ಫೋನ್ ಇಡ್ತೀನಪ್ಪಾ" ಅಂದಳು. ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಅವಳು ಬಾಗಿಲಲ್ಲೇ ನಿಲ್ಲಿಸಿ ಬೈಯಬಹುದು. ಬೈಯಲಿ. ನೀನು ಮಾತ್ರ ಈ ಸಲ ನನ್ನ ಪರ ವಹಿಸಬೇಡ.