ಪಪ್ಪನ ಚೂರಿ

ಕಟಪಾಡಿ, ೨೦೦೨

ಪ್ರೀತಿಯ ಪಪ್ಪಾ,

ಸತ್ತವರ ಮುಂದೆ ಸುಳ್ಳಾಡಬಾರದು, ಆದ್ದರಿಂದ ಗಂಭೀರವಾಗಿ ತಪ್ಪೊಪ್ಪಿಕೊಳ್ಳುತ್ತೇನೆ: ಅಮ್ಮ ಅಕ್ಕಿಡಬ್ಬದಲ್ಲಿ ಬಚ್ಚಿಟ್ಟಿದ್ದ ನಿಮ್ಮ ಚೂರಿಯನ್ನು ಕದ್ದೆ. ಬಿ.ಕಾಂ. ಕೂಡ ಬಿಟ್ಟೆ. ನಿಮ್ಮ ಹಂದಿಮಾಂಸದ ಅಂಗಡಿಯ ಸಂಪಾದನೆ ನಮ್ಮ ಲೆಕ್ಚರರ ಸಂಬಳಕ್ಕಿಂತ ಹೆಚ್ಚು, ಅಲ್ವಾ?

ಇವತ್ತು ಗಲ್ಫಿನ ಲಿಯೋನೆಲ್ ಅಂಕಲ್ ಮಗಳ ಮದುವೆಯ ಹಂದಿ ಕಡಿದೆವು. ಅದು ಅರಚುತ್ತ ಒದ್ದು, ಕಾಲು ಹಿಡಿದವನ ಹಲ್ಲುದುರಿಸಿತು. "ಎಂತ ನೋಡ್ತೀ ಮಾರಾಯ, ಚುಚ್ಚು!" ಎಂದು ಅಂಕಲ್ ಕೂಗಿದರು. ನಿಮ್ಮ ಹಾಗೆಯೇ ಎದೆಗೆ ಒಂದೇ ಇರಿತ. ಬಿಸಿ ರಕ್ತ ನನ್ನ ಮುಖಕ್ಕೆ ಚಿಮ್ಮಿತು. "ಗ್ರೆಗರಿಯ ರಕ್ತ ಅಲ್ವಾ!" ಎಂದು ನಿಮ್ಮ ಹೆಸರೆತ್ತಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಇರಿದದ್ದು ಸೋನಿಯಾ ಅಕ್ಕ. ನಾನು ಮೂಗು ಮುಚ್ಚಿಕೊಂಡು ಕಾಲೇಜಿಗೆ ಓಡುತ್ತಿದ್ದಾಗ ಅವಳು ನಿಮ್ಮ ಪಕ್ಕ ನಿಂತು ಕಲಿತಿದ್ದಳು. ಚೂರಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಆಮೇಲೆ ನಾನು ಹಿಡಿದದ್ದು ಬಾಲ, ಅದೂ ಕಣ್ಣು ಮುಚ್ಚಿ.