ಮಹಾಮಾಯಾ ಹೇಳದ ಸುಳ್ಳು

ಭಾಲ್ಕಿ, ಫೆಬ್ರುವರಿ 26

ಹತ್ತನೇ ತರಗತಿಯವರ ಬೀಳ್ಕೊಡುಗೆಗೆ ನಾನು ಹೋಗಬಾರದಿತ್ತು. ಶಾಲೆ ಬಿಟ್ಟವಳು ನಾನು. ಹಳೆಯ ಗೆಳತಿಯರ ಬ್ಲೌಸುಗಳನ್ನೆಲ್ಲ ನಾನೇ ಹೊಲಿದೆನೆಂದು ಕರೆದರು. ಬೆರಳುಗಳು ಇನ್ನೂ ನೋಯುತ್ತಿವೆ.

ಹೊರಡುವಾಗ ಎಲ್ಲರೂ ಅಪ್ಪಿಕೊಂಡು "ಬರ್ತೇವಿ" ಎಂದರು. ಮಹಾಮಾಯಾ ಮಾತ್ರ "ಹೋಗ್ತೇನಿ ನೋಡು" ಎಂದಳು. ಪರೀಕ್ಷೆ ಮುಗಿದರೆ ಅವಳು ಬೀದರಿನ ಕಾಲೇಜಿಗೆ. ಅವಳ ಅಪ್ಪ ಅಮ್ಮನೂ ಅಲ್ಲೇ ಮನೆ ಮಾಡುತ್ತಾರೆ.

"ಹುಚ್ಚಿ, ಹಂಗ ಅನ್ನಬಾರ್ದು. ಹೋಗಿ ಬರ್ತೇನಿ ಅನ್ನು."

"ಸುಳ್ಳು ಹೇಳಿದ್ರ ನಿನಗ ಸಿಟ್ಟು ಬರ್ತದಲ್ಲ? ಅದಕ್ಕ ಖರೇ ಹೇಳ್ದೆ."

ನಕ್ಕುಬಿಟ್ಟೆ. ಇಡೀ ತರಗತಿಯಲ್ಲಿ ನನ್ನನ್ನು ಅಷ್ಟು ಬಲ್ಲವಳು ಅವಳೊಬ್ಬಳೇ.

ಸುಸ್ತಾಗಿದೆ, ನಿದ್ದೆ ಮಾತ್ರ ಹತ್ತುತ್ತಿಲ್ಲ. ಇವತ್ತೊಂದು ದಿನ ಅವಳು ಸುಳ್ಳು ಹೇಳಬಹುದಿತ್ತು. ಸಿಟ್ಟು ಬರುತ್ತಿರಲಿಲ್ಲ. ನಂಬುತ್ತಿದ್ದೆ.