ನಾಲ್ಕನೆಯ ರೆಕಾರ್ಡಿನಲ್ಲಿ ಇಲ್ಲದ ಸದ್ದು

ಅಮ್ಮಾ,

ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯ ತಾನೆ? ನಿನ್ನ ನಾಲ್ಕು ಹಳೆಯ ಜಾಝ್ ರೆಕಾರ್ಡುಗಳನ್ನು ಕಂಪನಿಯವರು ಮತ್ತೆ ಹೊರತರುತ್ತಿದ್ದಾರೆ. ಹಾಡು, ವಾದ್ಯ ಬಿಟ್ಟು ಉಳಿದ ಸದ್ದನ್ನೆಲ್ಲ ಅಳಿಸುವ ಕೆಲಸ ನನ್ನ ಪಾಲಿಗೇ ಬಂದಿದೆ.

ಮೊದಲ ಮೂರರಲ್ಲಿ ಟಿಕ್ ಟಿಕ್ ಅನ್ನುವ ಸದ್ದೊಂದಿದೆ. ಹಾಡುವಾಗ ನೀನು ಹಾಳೆ ಇಡುವ ಸ್ಟ್ಯಾಂಡಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದೆಯಲ್ಲ, ಮದುವೆಯ ಉಂಗುರ ಕಬ್ಬಿಣಕ್ಕೆ ತಾಗುವ ಸದ್ದು ಅದು. ನಾಲ್ಕನೆಯದರಲ್ಲೂ ತಾಳವಿದೆ, ಆದರೆ ಬರಿಬೆರಳಿನದು, ಮೆತ್ತಗೆ. "ನಿಮ್ಮಪ್ಪ ನಮ್ಮನ್ನ ಬಿಟ್ಟು ಹೋದ ದಿನಾನೇ ಉಂಗುರ ಬಿಚ್ಚಿಟ್ಟೆ ಕಣೇ" ಅಂತ ನೀನು ಎಷ್ಟು ಸಲ ಹೇಳಿಲ್ಲ! ನಾಲ್ಕನೆಯ ರೆಕಾರ್ಡಿನ ಮೂಲ ಟೇಪಿನ ಡಬ್ಬಿಯ ಮೇಲೆ ನಿನ್ನದೇ ಅಕ್ಷರದಲ್ಲಿ ತಾರೀಕಿದೆ. ಅಪ್ಪ ಹೋಗುವುದಕ್ಕೆ ಹನ್ನೊಂದು ತಿಂಗಳು ಮೊದಲಿನದು.

ಬೆರಳು ಊದಿತ್ತು ಅಂತ ಮಾತ್ರ ಹೇಳಬೇಡ.

ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಹೆಡ್‌ಫೋನ್ ಹಾಕುತ್ತೇನೆ, ಕಿತ್ತಿಡುತ್ತೇನೆ, ಕಾರಿಡಾರಿನ ಆ ತುದಿಗೆ ಹೋಗಿ ಬರುತ್ತೇನೆ. "ಏನ್ರೀ, ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ?" ಅಂತ ಪಕ್ಕದ ಮೇಜಿನವನು ಕೇಳಿಯೇಬಿಟ್ಟ.

ಆ ಟಿಕ್ ಟಿಕ್ ಅಳಿಸಲೋ ಬಿಡಲೋ, ಸೋಮವಾರದೊಳಗೆ ತಿಳಿಸು. ಅಳಿಸಿದರೆ ನಾಲ್ಕೂ ಒಂದೇ ಥರ ಕೇಳುತ್ತವೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ. ನನ್ನ ಹುಟ್ಟುಹಬ್ಬಕ್ಕೆ ಅಪ್ಪ ಕಳಿಸುತ್ತಿದ್ದ ಕಾಗದಗಳನ್ನೆಲ್ಲ ನಾನು ಒಡೆಯದೆ ವಾಪಸ್ ಕಳಿಸಿಬಿಟ್ಟೆ. ಅಪ್ಪನ ವಿಳಾಸ ನಿನ್ನ ಹತ್ತಿರ ಇದ್ದೇ ಇರುತ್ತದೆ. ಬೇರೇನೂ ಬರೆಯದಿದ್ದರೂ ಪರವಾಗಿಲ್ಲ, ಅದನ್ನು ಕಳಿಸು.

ನಿನ್ನ ಮಗಳು